ಏಡಿ ಕೊರೆದರೂ ಹೊಣೆ ಏಡಿಯದಲ್ಲ

ಮಹಾರಾಷ್ಟ್ರದ ರತ್ನಗಿರಿ ಜಿಲ್ಲೆಯ ತಿವರೆ ಅಣೆಕಟ್ಟು 2019ರ ಜುಲೈ 2ರ ರಾತ್ರಿ ಒಡೆಯಿತು. ಕೆಳಗಿದ್ದ ಮನೆಗಳು ಕೊಚ್ಚಿಹೋಗಿ ಇಪ್ಪತ್ತರಷ್ಟು ಮಂದಿ ಸತ್ತರು. ನೀರು ಸೋರುತ್ತಿದೆ ಎಂದು ಮೊದಲೇ ದೂರಿದ್ದೆವು ಎಂದರು ಊರಿನವರು. ಏಡಿಗಳು ಕೊರೆದಿದ್ದೇ ಕಾರಣ ಎಂದರು ಆಗಿನ ಜಲಸಂರಕ್ಷಣಾ ಸಚಿವ ತಾನಾಜಿ ಸಾವಂತ್. ಸಚಿವರು ನಗೆಪಾಟಲಿಗೀಡಾದರು. ಆದರೆ ಏಡಿ, ಹೆಗ್ಗಣಗಳು ಮಣ್ಣಿನ ಏರಿಯನ್ನು ಕೊರೆಯುತ್ತವೆ ಎಂಬುದರಲ್ಲಿ ಸುಳ್ಳೇನಿಲ್ಲ. ಬಿಲ ಒಂದೇ ರಾತ್ರಿಯಲ್ಲಿ ಈ ಬದಿಯಿಂದ ಆ ಬದಿಗೆ ತಲುಪುವುದಿಲ್ಲ. ಅದು ಕಣ್ಣಿಗೆ ಬಿದ್ದ ದಿನವೇ ಮುಚ್ಚಲು ಅಲ್ಲಿ ಯಾರಿದ್ದರು ಎಂದು ಸಚಿವರನ್ನು ಕೇಳಬೇಕಿತ್ತು.

ಮಣ್ಣಿನ ಏರಿ ಸಾಮಾನ್ಯವಾಗಿ ಎರಡು ಬಗೆಯಲ್ಲಿ ಹೋಗುತ್ತದೆ. ನೀರು ಏರಿಯ ನೆತ್ತಿ ಹತ್ತಿ ಹರಿದರೆ ಹಿಂಬದಿಯ ಮಣ್ಣು ಕೆಲವೇ ಗಂಟೆಗಳಲ್ಲಿ ಕೊರೆದುಹೋಗುತ್ತದೆ. ಕೋಡಿ ಇರುವುದೇ ಇದನ್ನು ತಪ್ಪಿಸಲು. ಕೋಡಿಯಲ್ಲಿ ಕಳೆ, ಪ್ಲಾಸ್ಟಿಕ್ ಸಿಕ್ಕಿಕೊಂಡರೆ, ಮೀನು ಹೋಗದಿರಲೆಂದು ಯಾರೋ ಬಲೆ ಕಟ್ಟಿದರೆ, ಇನ್ನೊಂದಿಷ್ಟು ನೀರು ನಿಲ್ಲಲಿ ಎಂದು ಮರಳಿನ ಮೂಟೆ ಒಟ್ಟಿದರೆ ಲೆಕ್ಕ ತಲೆಕೆಳಗಾಗುತ್ತದೆ. ಎರಡನೆಯದು ಒಳಗಿನಿಂದಲೇ ಆಗುವ ಕೊರೆತ. ಏರಿಯ ಬುಡದಲ್ಲಿ ಒಂದಿಷ್ಟು ಜಿನುಗುವುದು ಸಹಜ. ಜಿನುಗುವ ನೀರು ತಿಳಿಯಾಗಿದ್ದರೆ ಹೆಚ್ಚು ಭಯವಿಲ್ಲ. ಕೆಂಪಾಗಿ, ರಾಡಿಯಾಗಿ ಬಂದರೆ ಏರಿಯ ಮಣ್ಣೇ ಅದರ ಜೊತೆ ಹೊರಬರುತ್ತಿದೆ ಎಂದರ್ಥ. ಏರಿಯ ಮೇಲೆ ಬೆಳೆದ ಜಾಲಿ, ಆಲದ ಬೇರುಗಳದ್ದೂ ಇದೇ ಕಥೆ. ಮರ ಬದುಕಿರುವಾಗ ಬೇರು ಮಣ್ಣನ್ನು ಹಿಡಿದಿಡುವಂತೆ ಕಾಣುತ್ತದೆ. ಮರ ಸತ್ತು ಬೇರು ಕೊಳೆತರೆ ಅದಿದ್ದ ಜಾಗ ನೀರಿಗೆ ದಾರಿಯಾಗುತ್ತದೆ. ಪರಿಸರ ದಿನದಂದು ಕೆರೆ ಏರಿಯ ಮೇಲೆ ಸಸಿ ನೆಟ್ಟು ಫೋಟೊ ತೆಗೆಸಿಕೊಳ್ಳುವವರಿಗೆ ಇದನ್ನು ಯಾರೂ ಹೇಳಿದಂತಿಲ್ಲ.

ಇದನ್ನೆಲ್ಲ ನೋಡಿಕೊಳ್ಳಲು ಸೆನ್ಸರ್ ಬೇಡ, ಸಲಹಾ ಸಂಸ್ಥೆಯ ವರದಿ ಬೇಡ. ಮಳೆಗಾಲದಲ್ಲಿ ದಿನಕ್ಕೊಮ್ಮೆ ಏರಿಯುದ್ದಕ್ಕೂ ನಡೆದು ಬರುವ, ಕೈಯಲ್ಲೊಂದು ಸನಿಕೆ ಇರುವ ಮನುಷ್ಯ ಸಾಕು. ಹಿಂದೆ ಹಳ್ಳಿಗಳಲ್ಲಿ ನೀರುಗಂಟಿ ಈ ಕೆಲಸ ಮಾಡುತ್ತಿದ್ದ. ಅಚ್ಚುಕಟ್ಟಿನ ರೈತರು ಸುಗ್ಗಿಯಲ್ಲಿ ಅವನ ಪಾಲಿನ ಕಾಳು ಅಳೆದುಕೊಡುತ್ತಿದ್ದರು. ಇವತ್ತಿನ ಪಂಚಾಯಿತಿ ನೀರುಗಂಟಿ ಬೋರ್‌ವೆಲ್ ಮೋಟಾರು ಹಾಕಿ ನಲ್ಲಿಗೆ ನೀರು ಬಿಡುತ್ತಾನೆ, ಏರಿಯ ಕಡೆಗೆ ಹೋಗುವ ಕೆಲಸ ಅವನಿಗಿಲ್ಲ.

ಬೆಂಗಳೂರಿನಲ್ಲಂತೂ ಅಚ್ಚುಕಟ್ಟೇ ಬಡಾವಣೆಯಾಗಿದೆ. ಗದ್ದೆಗೆ ನೀರುಣಿಸಲು ಕಟ್ಟಿದ ಕೆರೆಗಳು ಈಗ ಮಾಡುತ್ತಿರುವುದು ಪ್ರವಾಹ ತಡೆಯುವ ಕೆಲಸ. ಜೋರು ಮಳೆಯ ನೀರನ್ನು ಹಿಡಿದಿಟ್ಟುಕೊಂಡು ನಿಧಾನವಾಗಿ ಕೆಳಗಿನ ಕೆರೆಗೆ ಬಿಟ್ಟರೆ ಮಾತ್ರ ನಡುವಿನ ಬಡಾವಣೆಗಳು ಉಳಿಯುತ್ತವೆ. ಹಿಡಿದಿಟ್ಟುಕೊಳ್ಳಲು ಕೆರೆಯಲ್ಲಿ ಜಾಗ ಇರಬೇಕಲ್ಲ? ಕೊಳಚೆ ನೀರೋ ಸಂಸ್ಕರಿಸಿದ ನೀರೋ ವರ್ಷವಿಡೀ ಹರಿದುಬಂದು, ಏಪ್ರಿಲ್‌ನಲ್ಲೂ ಎಷ್ಟೋ ಕೆರೆಗಳು ತುಂಬಿಕೊಂಡೇ ಇರುತ್ತವೆ. ಹಿಂದೆ ಬೇಸಿಗೆಯಲ್ಲಿ ಕೆರೆ ಬತ್ತಿ ಏರಿ ಒಣಗುತ್ತಿತ್ತು, ಒಣಗಿದಾಗ ದುರಸ್ತಿ ಆಗುತ್ತಿತ್ತು. ಈಗಿನ ಏರಿ ಹನ್ನೆರಡು ತಿಂಗಳೂ ನೆನೆದೇ ನಿಂತಿದೆ. ಗದ್ದೆ ಹೋದ ಮೇಲೆ ತೂಬನ್ನು ಕೇಳುವವರಿಲ್ಲ. ಹಲವು ಕಡೆ ಅದು ಹೂಳಿನಡಿ ಮುಚ್ಚಿಹೋಗಿದೆ. ಅಪಾಯ ಕಂಡರೂ ನೀರಿನ ಮಟ್ಟ ಇಳಿಸಲು ಕೋಡಿ ಬಿಟ್ಟರೆ ಬೇರೆ ದಾರಿಯಿಲ್ಲ, ಕೋಡಿಯೋ ತುಂಬಿದ ಮೇಲಷ್ಟೇ ಹರಿಯುವಂಥದ್ದು.

2019ರ ನವೆಂಬರ್ 24ರ ಭಾನುವಾರ ಬೆಂಗಳೂರಿನ ಹುಳಿಮಾವು ಕೆರೆಯ ಏರಿ ಒಡೆದು ನೂರಾರು ಮನೆಗಳಿಗೆ ನೀರು ನುಗ್ಗಿತು. ಏರಿಯನ್ನು ಅಗೆದವರು ಯಾರು ಎಂಬುದೇ ಆಗ ದೊಡ್ಡ ಚರ್ಚೆಯಾಯಿತು. ಅಗೆಯುವ ಯಂತ್ರ ಏರಿಯ ತನಕ ಬಂದಾಗ ತಡೆದು ಕೇಳುವ ಕಾವಲುಗಾರ ಏಕಿರಲಿಲ್ಲ ಎಂಬುದು ಅಷ್ಟು ಚರ್ಚೆಯಾಗಲಿಲ್ಲ.

ಕಾನೂನು ಇಲ್ಲವೇ ಎಂದರೆ, ಇದೆ. 2021ರ ಅಣೆಕಟ್ಟು ಸುರಕ್ಷತಾ ಕಾಯ್ದೆ ಮುಂಗಾರಿಗೆ ಮುಂಚೆ ಮತ್ತು ನಂತರ ತಪಾಸಣೆ, ತುರ್ತು ಕ್ರಿಯಾ ಯೋಜನೆ, ದುರಸ್ತಿಗೆ ಹಣ, ಹೊಣೆಗಾರ ಅಧಿಕಾರಿ ಎಲ್ಲವನ್ನೂ ಕೇಳುತ್ತದೆ. ಆದರೆ ಅದು ಅನ್ವಯಿಸುವುದು 15 ಮೀಟರ್‌ಗಿಂತ ಎತ್ತರದ ಅಣೆಕಟ್ಟುಗಳಿಗೆ. 10ರಿಂದ 15 ಮೀಟರ್ ಇದ್ದರೆ 500 ಮೀಟರ್ ಉದ್ದ ಅಥವಾ ಹತ್ತು ಲಕ್ಷ ಘನ ಮೀಟರ್ ಸಾಮರ್ಥ್ಯದಂಥ ಯಾವುದಾದರೂ ಷರತ್ತು ಪೂರೈಸಬೇಕು. ನಮ್ಮ ಬಹುತೇಕ ಕೆರೆ ಏರಿಗಳು ಈ ಗೆರೆಯ ಕೆಳಗೇ ಉಳಿದುಬಿಡುತ್ತವೆ. ಎತ್ತರವನ್ನೇ ಅಳತೆಗೋಲು ಮಾಡಿಕೊಂಡಿದ್ದರಲ್ಲಿ ದೋಷವಿದೆ. ಕಾಡಿನ ನಡುವಿನ 16 ಮೀಟರ್ ಅಣೆಕಟ್ಟಿಗಿಂತ, ಹಿಂಬದಿಗೇ ಅಪಾರ್ಟ್‌ಮೆಂಟ್‌ನ ನೆಲಮಾಳಿಗೆ ಇರುವ ಆರು ಮೀಟರ್ ಏರಿ ಹೆಚ್ಚು ಅಪಾಯಕಾರಿ. ಕೆರೆಯ ಅಂಚಿನಿಂದ ಎಷ್ಟು ಮೀಟರ್ ಮೀಸಲು ಪ್ರದೇಶ ಬಿಡಬೇಕು ಎಂದು ನ್ಯಾಯಾಲಯಗಳವರೆಗೂ ಹೋಗಿ ಜಗಳವಾಡಿದ್ದೇವೆ. ಏರಿ ಒಡೆದರೆ ನೀರು ಯಾವ ಬೀದಿಗೆ, ಎಷ್ಟು ಹೊತ್ತಿನಲ್ಲಿ ಬರುತ್ತದೆ ಎಂಬ ನಕ್ಷೆಗಾಗಿ ಅಂಥ ಜಗಳ ನಡೆದಿಲ್ಲ.

ಉಳಿದದ್ದು ಹಣದ ಮಾತು. ಕೆರೆ ಅಭಿವೃದ್ಧಿ ಎಂದರೆ ನಡಿಗೆ ಪಥ, ಬೇಲಿ, ದೀಪ, ದ್ವಾರ; ಉದ್ಘಾಟನೆಗೆ ಒದಗುವಂಥವು. ಬಿಲ ಮುಚ್ಚಿದ್ದಕ್ಕೆ ಟೇಪು ಕತ್ತರಿಸಲಾಗದು. ಹಿಂದೆ ಇದಕ್ಕೂ ಒಂದು ದಾರಿಯಿತ್ತು: ನಮ್ಮ ಹಳೆಯ ಶಿಲಾಶಾಸನಗಳಲ್ಲಿ ಕೆರೆಯನ್ನು ಸುಸ್ಥಿತಿಯಲ್ಲಿಡಲೆಂದೇ ಬಿಟ್ಟ ಜಮೀನುಗಳ ಉಲ್ಲೇಖವಿದೆ. ನಿರ್ವಹಣೆಗೆಂದೇ ಹಣ ಮೀಸಲಿಡುವ ಏರ್ಪಾಡು ಬೇರೆಡೆ ಈಗಲೂ ಇದೆ. ಅಮೆರಿಕದ ಓಹಯೊ ರಾಜ್ಯದ ಡೇಟನ್ ನಗರ 1913ರ ಪ್ರವಾಹದಲ್ಲಿ ಮುಳುಗಿದ ಮೇಲೆ ಅಲ್ಲಿ ಐದು ಮಣ್ಣಿನ ಅಣೆಕಟ್ಟುಗಳನ್ನು ಕಟ್ಟಿದರು. ಮಾಮೂಲಿ ದಿನಗಳಲ್ಲಿ ಅವು ನೀರು ನಿಲ್ಲಿಸುವುದಿಲ್ಲ, ಪ್ರವಾಹ ಬಂದಾಗಷ್ಟೇ ತಡೆದು ನಿಲ್ಲುತ್ತವೆ. ನೂರು ವರ್ಷದ ಮೇಲೂ ಅವು ಕೆಲಸ ಮಾಡುತ್ತಿವೆ. ಅವುಗಳಿಂದ ರಕ್ಷಣೆ ಪಡೆದ ಆಸ್ತಿಗಳ ಮಾಲೀಕರೇ ನಿರ್ವಹಣೆಗೆ ಹಣ ಕೊಡುತ್ತಾರೆ. ಬೆಂಗಳೂರಿನಲ್ಲಿ ಇನ್ನೊಂದು ಸೆಸ್ ಎಂದರೆ ಜನ ಸಿಡಿದೇಳುತ್ತಾರೆ, ಅದು ನ್ಯಾಯವೇ. ಹೊಸದೇನೂ ಹಾಕಬೇಕಾಗಿಲ್ಲ. ಈಗಾಗಲೇ ಕಟ್ಟುತ್ತಿರುವ ಆಸ್ತಿ ತೆರಿಗೆಯಲ್ಲಿ ಒಂದು ಪಾಲನ್ನು ಆಯಾ ಕೆರೆಯ ಏರಿ, ಕೋಡಿ, ತೂಬುಗಳ ಹೆಸರಿನಲ್ಲೇ ತೆಗೆದಿಡಲಿ. ಕೆರೆಗೊಬ್ಬ ಕಾವಲುಗಾರನ ಸಂಬಳ ಮೊದಲು ಅದರಲ್ಲಿ ಹೋಗಲಿ. ಮೇ ಮುಗಿಯುವುದರೊಳಗೆ ಎಷ್ಟು ಅಡಿ ನೀರು ಇಳಿಸಿದ್ದಾರೆ, ಏರಿಯನ್ನು ಕೊನೆಯ ಬಾರಿ ನೋಡಿದ ಎಂಜಿನಿಯರ್ ಯಾರು ಎಂಬುದನ್ನು, ಈಜು ನಿಷೇಧಿಸಿದೆ ಎಂದು ಬರೆದಿರುವ ಫಲಕದ ಕೆಳಗೇ ಬರೆಸಬಹುದು.