ಬೆರಕೆಯ ಪ್ರಮಾಣ ಗ್ರಾಹಕನಿಗೆ ತಿಳಿದಿರಲಿ

ಕಾಫಿಯ ಧಾರಣೆ ಏರಿದಾಗಲೆಲ್ಲ, ಸಂಘದ ಪುಡಿಯಲ್ಲಿ ಚಿಕೋರಿ ಹೆಚ್ಚಿಸಿ ಹಳೆಯ ಬೆಲೆಗೇ ಮಾರಬೇಕೆಂಬ ಸಲಹೆ ಕೆಲವು ಸದಸ್ಯ ಬಾಂಧವರಿಂದ ಬರುತ್ತದೆ. ಅರ್ಥಶಾಸ್ತ್ರದ ಪ್ರಾಥಮಿಕ ಪಾಠಗಳಲ್ಲಿ ಬರುವ ಔದಾಸೀನ್ಯ ರೇಖೆಯ ಸಹಾಯದಿಂದ ಈ ಸಲಹೆಯನ್ನು ಪರಿಶೀಲಿಸುವುದು ಉಚಿತ.

ಹೆಸರು ಕೇಳಿ ಗಾಬರಿಯಾಗಬೇಕಾಗಿಲ್ಲ. ಎರಡು ಪದಾರ್ಥಗಳ ಯಾವ ಯಾವ ಜೋಡಣೆಗಳು ಗ್ರಾಹಕನಿಗೆ ಸಮಾನ ತೃಪ್ತಿ ಕೊಡುತ್ತವೆಯೋ ಅವುಗಳನ್ನು ಕೂಡಿಸುವ ಗೆರೆಯೇ ಇದು. 1881ರಲ್ಲಿ ಎಜ್‌ವರ್ತ್ ಇದನ್ನು ಸೂಚಿಸಿದರು. 1934ರಲ್ಲಿ ಹಿಕ್ಸ್ ಮತ್ತು ಆಲೆನ್ ಇದರ ಮೇಲೆ ಬೇಡಿಕೆಯ ಸಿದ್ಧಾಂತವನ್ನು ಕಟ್ಟಿದರು. ತೃಪ್ತಿಯನ್ನು ಸೇರು ಪಾವುಗಳಲ್ಲಿ ಅಳೆಯಬೇಕಾಗಿಲ್ಲ. ಇದಕ್ಕಿಂತ ಅದು ಮೇಲು ಎಂದು ಗ್ರಾಹಕ ಹೇಳಬಲ್ಲನಾದರೆ ಸಾಕು.

ಎಲೆಯಿಲ್ಲದೆ ಅಡಿಕೆಯನ್ನಷ್ಟೇ ಹೆಚ್ಚಿಸಿದರೆ ತಾಂಬೂಲ ಹೆಚ್ಚುವುದಿಲ್ಲ. ಅವು ಜೊತೆಗಾರ ಪದಾರ್ಥಗಳು. ಕಾಫಿ ಚಿಕೋರಿಗಳು ಹಾಗಲ್ಲ. ಒಂದರ ಬದಲಿಗೆ ಇನ್ನೊಂದು ಸಲ್ಲುತ್ತದೆ, ಆದರೆ ಮಿತಿಯೊಳಗೆ. ಮೊದಲ ಚಮಚ ಚಿಕೋರಿ ಡಿಕಾಕ್ಷನ್ನಿಗೆ ಬಣ್ಣ, ಗಟ್ಟಿತನ ಕೊಡುತ್ತದೆ. ಅದಕ್ಕಾಗಿ ಸ್ವಲ್ಪ ಕಾಫಿ ಬಿಟ್ಟುಕೊಡಲು ಗೃಹಿಣಿ ಸಿದ್ಧ. ಚಿಕೋರಿ ಏರಿದಂತೆಲ್ಲ ಮತ್ತೊಂದು ಚಮಚಕ್ಕಾಗಿ ಆಕೆ ಬಿಟ್ಟುಕೊಡುವ ಕಾಫಿ ಕಡಿಮೆಯಾಗುತ್ತ ಹೋಗುತ್ತದೆ; ಏಕೆಂದರೆ ಕಾಫಿಯ ಪರಿಮಳವಾಗಲಿ ಕೆಫೀನಾಗಲಿ ಆ ಬೇರಿನಲ್ಲಿಲ್ಲ. ಗೆರೆ ನೇರವಾಗಿರದೆ ಬಾಗುವುದು ಈ ಕಾರಣದಿಂದಲೇ.

ಕಾಫಿ ತುಟ್ಟಿಯಾದಾಗ ಗ್ರಾಹಕ ಚಿಕೋರಿಯತ್ತ ಸರಿಯುವುದು ಸಹಜ, ಅವನನ್ನು ದೂರುವಂತಿಲ್ಲ. ಆದರೆ ಎಷ್ಟು ಸರಿಯಬೇಕೆಂಬುದನ್ನು ಅವನೇ ನಿರ್ಧರಿಸಬೇಕು. ಮಿಶ್ರಣದಲ್ಲಿ ಕಾಫಿ ಶೇ. 51ಕ್ಕೆ ಕಡಿಮೆಯಿರಕೂಡದು, ಪ್ರಮಾಣವನ್ನು ಪೊಟ್ಟಣದ ಮೇಲೆ ನಮೂದಿಸಬೇಕು ಎಂದು ಕಾನೂನಿದೆ. ಅಂದರೆ 80:20 ಇದ್ದುದನ್ನು 60:40 ಮಾಡಿ, ಹಾಗೆಂದು ಮುದ್ರಿಸಿದರೆ ಕಾನೂನಿನ ತೊಡಕಿಲ್ಲ. ಆದರೆ ಮೂಲೆಯ ಸಣ್ಣ ಅಕ್ಷರವನ್ನು ಓದುವವರೆಷ್ಟು ಮಂದಿ? ತಿಳಿಯದೆ ಕೊಂಡವನು ರುಚಿ ಕೆಟ್ಟಿತೆಂದು ಚಹಾದ ಕಡೆ ತಿರುಗಿದರೆ ಅವನನ್ನು ಮರಳಿ ತರುವುದು ಸುಲಭವಲ್ಲ. ತಿರುಗದಿದ್ದರೂ ಕಿಲೋ ಪುಡಿಯೊಂದಕ್ಕೆ 200 ಗ್ರಾಂ ಕಾಫಿಯ ಖರ್ಚು ಕಡಿಮೆಯಾಗುತ್ತದೆ. ಬೆಳೆಗಾರರ ಸಂಘ ಮಾಡಬೇಕಾದ ಕೆಲಸವೇ ಇದು?

ನನ್ನ ಅಭಿಪ್ರಾಯ ಇಷ್ಟು: ಅಪ್ಪಟ ಕಾಫಿ, ಮಿಶ್ರಣ ಎರಡನ್ನೂ ಅಕ್ಕಪಕ್ಕದಲ್ಲಿಟ್ಟು ಮಾರೋಣ. ಪ್ರಮಾಣವನ್ನು ಪುಡಿಯ ಹೆಸರಿನಷ್ಟೇ ದಪ್ಪ ಅಕ್ಷರಗಳಲ್ಲಿ ಮುಂಭಾಗದಲ್ಲೇ ಅಚ್ಚು ಮಾಡಿಸೋಣ. ಧಾರಣೆ ಏರಿದರೆ ಬೆಲೆ ಏರಿಸೋಣ, ಬೆರಕೆಯನ್ನಲ್ಲ. ಮುಂದಿನ ಮಹಾಸಭೆಯಲ್ಲಿ ಸದಸ್ಯರು ಈ ಬಗ್ಗೆ ಮುಕ್ತವಾಗಿ ಚರ್ಚಿಸಿ ತೀರ್ಮಾನಿಸಬೇಕೆಂದು ವಿನಂತಿ.