ಡೀಸೆಲ್ಲಿನ ಲೆಕ್ಕ ಕೇಳೋಣ



ಎತ್ತು ಕಟ್ಟಿ ಉಳುವಾಗ ಬೇಸಾಯದ ಶಕ್ತಿ ನಮ್ಮ ಕೊಟ್ಟಿಗೆಯಲ್ಲೇ ಇತ್ತು. ಇವತ್ತು ಅದು ಪೆಟ್ರೋಲ್ ಬಂಕಿಗೆ ಹೋಗಿದೆ. ಉಳುಮೆಗೆ ಟ್ರ್ಯಾಕ್ಟರು, ಒಕ್ಕಣೆಗೆ ಮಿಷನ್ನು, ಮಾರುಕಟ್ಟೆಗೆ ಟೆಂಪೊ. ಸ್ವಂತ ಟ್ರ್ಯಾಕ್ಟರ್ ಇಲ್ಲದವನೂ ಗಂಟೆ ಬಾಡಿಗೆಯಲ್ಲಿ ಡೀಸೆಲ್ಲಿನ ದುಡ್ಡು ಕೊಡುತ್ತಲೇ ಇದ್ದಾನೆ. ಸುಗ್ಗಿಗೆ ಕೊಡ್ತೀನಿ ಅಂತ ಹೇಳಿದ ಆ ಬಾಡಿಗೆಯೇ ಬೆಳೆ ಕೈಕೊಟ್ಟ ವರ್ಷ ಸಾಲವಾಗಿ ನಿಲ್ಲುತ್ತದೆ.

ಈ ಎಣ್ಣೆಯ ಬೆಲೆ ಹೇಗೆ ಏರಿತು ನೋಡಿ. 2014ರ ಅಕ್ಟೋಬರಿನಲ್ಲಿ ಸರ್ಕಾರ ಡೀಸೆಲ್ ಬೆಲೆಯ ಹಿಡಿತ ಬಿಟ್ಟಿತು. ಇನ್ನು ಮೇಲೆ ಏರಿದರೂ ಇಳಿದರೂ ಪೇಟೆಯ ಪ್ರಕಾರ ಅಂದರು. 2020ರಲ್ಲಿ ಕೊರೋನಾ ಬಂದು ಕಚ್ಚಾತೈಲ ನೆಲಕಚ್ಚಿತು. ನಮಗೆ ಇಳಿಯಿತೇ? ಮೇ ತಿಂಗಳಲ್ಲಿ ಕೇಂದ್ರ ಲೀಟರಿಗೆ 13 ರೂಪಾಯಿ ಸುಂಕ ಏರಿಸಿ ಆ ಇಳಿಕೆಯನ್ನು ಖಜಾನೆಗೆ ಹಾಕಿಕೊಂಡಿತು. 2021ರಲ್ಲಿ ಸುಂಕದೊಳಗಿನ 4 ರೂಪಾಯಿಗೆ ಕೃಷಿ ಸೆಸ್ ಅಂತ ಹೆಸರಿಟ್ಟರು. ಹೆಸರು ಕೃಷಿಯದು, ಜೇಬು ಕೃಷಿಕನದು!

ರಾಜ್ಯವೇನು ಕಡಿಮೆಯೇ? 2024ರ ಜೂನಿನಲ್ಲಿ ಡೀಸೆಲ್ ಮಾರಾಟ ತೆರಿಗೆಯನ್ನು ಶೇ. 14.3ರಿಂದ 18.4ಕ್ಕೆ, 2025ರ ಏಪ್ರಿಲಿನಲ್ಲಿ 21.17ಕ್ಕೆ ಏರಿಸಿತು. ವೇದಿಕೆಯ ಮೇಲೆ ಎರಡೂ ಸರ್ಕಾರಗಳು ಜಗಳವಾಡುತ್ತವೆ, ಬಂಕಿನಲ್ಲಿ ಮಾತ್ರ ಒಂದೇ.

ಸಹಾಯ ಕೊಡಲಿಲ್ಲವೇ ಅಂತ ಕೇಳ್ತಾರೆ. 2022–23ರಲ್ಲಿ ರಾಜ್ಯದ 'ರೈತ ಶಕ್ತಿ' ಯೋಜನೆಯಲ್ಲಿ ಡೀಸೆಲ್ಲಿಗೆಂದು ಎಕರೆಗೆ 250 ರೂಪಾಯಿ, ಅದೂ ಐದು ಎಕರೆ ಮಿತಿ. ಎಕರೆಗೆ 20 ಲೀಟರ್ ಅಂತ ಇಟ್ಟುಕೊಳ್ಳಿ. 2022ರ ಮೇನಲ್ಲಿ ಇಳಿಸಿದ ಮೇಲೂ ಆಗ ಕೇಂದ್ರದ ಸುಂಕ ಲೀಟರಿಗೆ 15 ರೂ. 80 ಪೈಸೆ ಇತ್ತು. 20 ಲೀಟರಿಗೆ 316 ರೂಪಾಯಿ, ರಾಜ್ಯದ ತೆರಿಗೆ ಬೇರೆ. ಹಾಗಾದರೆ ಸಹಾಯಧನ ಕೊಟ್ಟವರು ಯಾರು? ನಾವೇ ಅಲ್ಲವೇ?

ಲಾರಿಯವರು ಡೀಸೆಲ್ ಏರಿದರೆ ಬಾಡಿಗೆ ಏರಿಸ್ತಾರೆ. ಕಾರ್ಖಾನೆಯವರು ಮಾಲಿನ ಬೆಲೆ ಏರಿಸ್ತಾರೆ. ನಾವು ಮಂಡಿಯಲ್ಲಿ ಡೀಸೆಲ್ ಮಾತೆತ್ತಿದರೆ ದಲ್ಲಾಳಿ ನಗುತ್ತಾನೆ.

ಸಮುದ್ರಕ್ಕಿಳಿಯುವ ಯಾಂತ್ರಿಕ ದೋಣಿಗೆ ನಮ್ಮ ರಾಜ್ಯವೇ ಮಾರಾಟ ತೆರಿಗೆ ಬಿಟ್ಟು ಡೀಸೆಲ್ ಕೊಡುತ್ತದೆ. ಅದು ನ್ಯಾಯವೇ. ಇಂಗ್ಲೆಂಡಿನಲ್ಲಿ ರೈತನ ಡೀಸೆಲ್ಲಿಗೆ ಕೆಂಪು ಬಣ್ಣ ಬೆರೆಸಿ ಕಡಿಮೆ ಸುಂಕಕ್ಕೆ ಕೊಡುತ್ತಾರೆ. ನಮ್ಮ ಉಳುಮೆಗೆ ಯಾಕಿಲ್ಲ?

ಈ ಹಂಗಾಮಿನಿಂದ ಒಂದು ಕೆಲಸ ಮಾಡಿ. ಎಷ್ಟು ಗಂಟೆ ಉಳುಮೆ, ಎಷ್ಟು ಲೀಟರ್, ಎಷ್ಟು ದುಡ್ಡು, ಎಷ್ಟು ಸಾಲ ಅಂತ ಒಂದು ಪುಸ್ತಕದಲ್ಲಿ ಬರೆದಿಡಿ. ಬಂಕಿನ ಚೀಟಿ ಬಿಸಾಡಬೇಡಿ. ಊರೂರಿನ ಲೆಕ್ಕ ಒಟ್ಟು ಮಾಡಿ ತಾಲ್ಲೂಕು ಕಚೇರಿಯ ಮೇಜಿನ ಮೇಲಿಡೋಣ. ನಾವು ಕೇಳುವುದು ಭಿಕ್ಷೆಯಲ್ಲ. ಬೇಸಾಯದ ಡೀಸೆಲ್ ಮೇಲೆ ವಸೂಲಿ ಮಾಡಿದ ತೆರಿಗೆ ವಾಪಸ್ಸು, ಇಲ್ಲವೇ ಆ ಖರ್ಚು ಪೂರ್ತಿ ಸೇರಿಸಿದ ಬೆಳೆ ಬೆಲೆ. ಎರಡರಲ್ಲಿ ಒಂದು ಕೊಡಲೇಬೇಕು.