ಬಲವೇ ಭಾರವಾದಾಗ

ನಾಕೌಟ್‌ಗೆ ಹೊರಟ ತಂಡದ ಗೆಲುವುಗಳನ್ನಷ್ಟೇ ಎಣಿಸಿದರೆ ಸಾಲದು. ಅಮೆರಿಕದ ವರ್ಜೀನಿಯಾ ವಿಶ್ವವಿದ್ಯಾಲಯದ ಪುರುಷರ ಬ್ಯಾಸ್ಕೆಟ್‌ಬಾಲ್ ತಂಡವನ್ನೇ ನೋಡಿ. 2018ರ ಮಾರ್ಚ್‌ನಲ್ಲಿ ರಾಷ್ಟ್ರೀಯ ಕಾಲೇಜು ಪಂದ್ಯಾವಳಿಗೆ ಹೊರಟಾಗ ಅದು 31 ಗೆದ್ದು, ಬರೀ 2 ಸೋತಿತ್ತು.

ಕೋಚ್ ಟೋನಿ ಬೆನೆಟ್ ಕಟ್ಟಿದ ರಕ್ಷಣೆ ಕೋಟೆಯಂಥದು. ಎದುರಾಳಿಗೆ ಬುಟ್ಟಿಯ ಹತ್ತಿರ ಜಾಗವಿಲ್ಲ. ಚೆಂಡು ತಮ್ಮ ಕೈಗೆ ಬಂದರೆ ಅವಸರವಿಲ್ಲ. ದೌರ್ಬಲ್ಯವೂ ಅಲ್ಲೇ ಇತ್ತು ಅಂತ ನನ್ನ ಅನಿಸಿಕೆ. ನಿಧಾನದ ಆಟದಲ್ಲಿ ಒಮ್ಮೆ ಹಿಂದೆ ಬಿದ್ದರೆ ಬೆನ್ನಟ್ಟಲು ಅವಕಾಶಗಳೇ ಸಾಲವು. ಸಾಲದ್ದಕ್ಕೆ ಡಿಆಂಡ್ರೆ ಹಂಟರ್ ಮಣಿಕಟ್ಟು ಮುರಿದುಕೊಂಡು ಹೊರಗುಳಿದರು.

ಮೊದಲ ಪಂದ್ಯದಲ್ಲೇ ಅನಾಹುತ. ಅರ್ಧ ವೇಳೆಗೆ 21–21. ಆಮೇಲೆ ಹದಿನಾರನೇ ಶ್ರೇಯಾಂಕದ ಯುಎಂಬಿಸಿ 53 ಅಂಕ ಬಾಚಿತು. ಫಲಿತಾಂಶ 74–54! ಪುರುಷರ ಪಂದ್ಯಾವಳಿಯಲ್ಲಿ ಒಂದನೇ ಶ್ರೇಯಾಂಕದವರು ಹದಿನಾರನೆಯವರಿಗೆ ಮಣಿದದ್ದು ಅದೇ ಮೊದಲು. ಅದಕ್ಕೂ ಹಿಂದಿನ 135 ಪಂದ್ಯಗಳಲ್ಲಿ ಹಾಗಾಗಿರಲಿಲ್ಲ.

ಬೆನೆಟ್ ಕೋಟೆ ಕೆಡವಲಿಲ್ಲ. ದಾಳಿಗೆ ಹೊಸ ದಾರಿ ಸೇರಿಸಿದರು. ಹಂಟರ್ ಮರಳಿದರು. 2019ರ ಫೈನಲ್‌ನಲ್ಲಿ 27 ಅಂಕ ಗಳಿಸಿದವರು ಅವರೇ. ಹೆಚ್ಚುವರಿ ಅವಧಿಗೆ ಹೋದ ಪಂದ್ಯದಲ್ಲಿ ಟೆಕ್ಸಾಸ್ ಟೆಕ್ ತಂಡವನ್ನು 85–77ರಿಂದ ಮಣಿಸಿ ವರ್ಜೀನಿಯಾ ಕಿರೀಟ ತೊಟ್ಟಿತು.

ನಾಕೌಟ್‌ಗೆ ಹೊರಟ ತಂಡಕ್ಕೆ ನಾನು ಕೇಳುವ ಪ್ರಶ್ನೆ ಒಂದೇ: ಹತ್ತು ಅಂಕ ಹಿಂದೆ ಬಿದ್ದರೆ ಏನ್ಮಾಡ್ತೀರಿ?